ದಿಢೀರ್ ಬಸ್ಸಿನಾಗ ನಲವತ್ತೊಂಬತ್ತು ಟವೆಲ್

ಶಹಾಪುರದ ಜನ ಯಾವ ಕೆಲಸವನ್ನೂ ದಿಢೀರಂತ ಮಾಡುವುದಿಲ್ಲ ಎಂಬ ಸಂಗತಿ ಸಮೀಕ್ಷೆಯಲ್ಲಿ ಸಾಬೀತಾಗಿದೆ. ಮನಸ್ಸಿಗೆ ಬಂದದ್ದನ್ನು ಆಗಿಂದಾಗಲೇ ಮಾಡುತ್ತೀರೇನು ಎಂದು ಹನ್ನೊಂದು ಮಂದಿಯನ್ನು ಕೇಳಲಾಗಿ, ಒಂಬತ್ತು ಮಂದಿ "ನಾಳಿ ಹೇಳ್ತೀವ್ರಿ" ಅಂದರು. ಉಳಿದಿಬ್ಬರು, ಆ ಒಂಬತ್ತು ಮಂದಿ ಏನಂದರೆಂದು ವಿಚಾರಿಸಿಕೊಂಡು, ಅದನ್ನೇ ಅಂದರು.

ಈ ಕೊರತೆ ನೀಗಿಸಲು 'ದಿಢೀರ್ ಬದುಕು ಕೇಂದ್ರ' ಎಂಬ ಕಚೇರಿ ತೆರೆಯಲಾಯಿತು. ತೆರೆಯಬೇಕೆಂದು ತೀರ್ಮಾನವಾಗಿ ನಾಲ್ಕೇ ವರ್ಷಕ್ಕೆ ತೆರೆದದ್ದು ಅದರ ಮೊದಲ ಸಾಧನೆ. ಕೇಂದ್ರದ ಅಧಿಕಾರಿ ಶರಣಕುಮಾರ ಸಾಹೇಬರು ಒಂದು ಬುಧವಾರ ಆಟೋಕ್ಕೆ ಮೈಕು ಕಟ್ಟಿಸಿ ಊರೆಲ್ಲ ಸಾರಿಸಿದರು:

"ಮಾನ್ಯ ನಾಗರಿಕರ ಗಮನಕ್ಕೆ. ನಾಳೆ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸರಿಯಾಗಿ ತಮಗೆಲ್ಲ ದಿಢೀರಂತ ಎಲ್ಲಿಗಾದರೂ ಹೋಗಬೇಕು ಅನಿಸಲಿದೆ. ಅನಿಸುವವರು ಹತ್ತೂವರೆಗೇ ಬಸ್ ನಿಲ್ದಾಣದಲ್ಲಿ ಹಾಜರಿರತಕ್ಕದ್ದು. ಬಸ್ಸು ಮನಸ್ಸು ಬಂದ ಕಡೆ ಹೋಗುವುದು. ಮನಸ್ಸು ಕೊಡೇಕಲ್ ದಾಟಿ ಹೊಳೆಯ ದಂಡೆ ಕಡೆ ಬರುವುದೆಂದು ಹೋದ ತಿಂಗಳ ಸಭೆಯಲ್ಲಿ ಠರಾವಾಗಿದೆ."

ನಲವತ್ತೆಂಟು ಸೀಟು, ನಲವತ್ತೆಂಟು ಮಂದಿಯ ಗುರಿ. ದಿಢೀರ್ ಬಸ್ಸಿಗೆ ಜನ ಕಡಿಮೆ ಬೀಳಬಾರದೆಂದು ಆ ಕಡೆ ಹೋಗುವ ಉಳಿದ ಬಸ್ಸುಗಳನ್ನೆಲ್ಲ ಆ ದಿನದ ಮಟ್ಟಿಗೆ ನಿಲ್ಲಿಸಲಾಯಿತು. ಇದು ಜನರ ಅನುಕೂಲಕ್ಕಾಗಿಯೇ.

ನಿಲ್ದಾಣದ ಗೇಟಿನ ಬಾಜೂ ಮೌಲಾಬಿ ಬಳೆ ಮಾರುತ್ತಿದ್ದಳು. ಮೂವತ್ತು ವರ್ಷದಿಂದ ಅದೇ ಜಾಗ, ಅದೇ ತಳ್ಳುಗಾಡಿ. ಯಾವ ಬಸ್ಸು ಎಷ್ಟಕ್ಕೆ ಬರುತ್ತದೆ, ಯಾವುದು ಸುಮ್ಮನೆ ಬರುತ್ತೇನೆ ಅಂತ ಸುಳ್ಳು ಹೇಳುತ್ತದೆ, ಎಲ್ಲ ಅವಳ ಬಾಯಲ್ಲೇ. ತಾನು ಮಾತ್ರ ಬಸ್ಸು ಹತ್ತಿದ್ದು ಲಗ್ನಕ್ಕೆ, ಇಲ್ಲವೆ ಮಣ್ಣಿಗೆ.

ಗುರುವಾರ ಹತ್ತೂಮುಕ್ಕಾಲಿಗೆ ಕೊಡೇಕಲ್ ಕಡೆಯ ಒಬ್ಬ ಹೆಣ್ಣುಮಗಳು ಕೈಗೆ ಬಳೆ ಏರಿಸಿಕೊಳ್ಳುತ್ತ, "ಹೊಳಿ ತುಂಬಿ ಹರಿಯಾಕತ್ಯದ ನೋಡ್ರಿ. ಕಾಲು ಇಟ್ರ ನೆತ್ತಿತನಕ ತಂಪು" ಅಂದಳು. ಅಷ್ಟೇ ಅಂದದ್ದು. ಮೌಲಾಬಿಯ ಕೈ ಅಲ್ಲೇ ನಿಂತಿತು.

"ಮಲಕಮ್ಮಾ, ಗಾಡಿ ನೋಡ್ಕೊ. ನಾ ಹೊಳಿಗೆ ಹೊಂಟೆ."

ಬಾಜೂ ಪೇರಲಹಣ್ಣು ಮಾರುತ್ತಿದ್ದ ಮಲಕಮ್ಮ ಗಾಬರಿಯಾದಳು. "ಅಯ್ಯ, ಯಾರು ಹೋದ್ರು?"

"ಯಾರೂ ಹೋಗಿಲ್ಲ, ನಾ ಹೊಂಟೀನಿ."

"ಲಗ್ನ ಅದೇನು?"

"ಲಗ್ನಿಲ್ಲ, ಏನಿಲ್ಲ. ಕಾಲು ತೋಯಿಸಾಕ."

"ಅಕ್ಕಾ, ನಿನಗ ಬಿಸಿಲು ಹತ್ಯದ. ಅಲ್ಲಿ ನಳ ಅದ, ತೋಯಿಸ್ಕೋ. ಇಲ್ಲಾ ನಾಳಿ ಹೋಗು."

"ನಾಳಿ ಅಂದ್ರ ಮುಗೀತು, ನನಗ ನಾ ಗೊತ್ತಿಲ್ಲೇನು? ಇವತ್ತು ಹೋಗಲಿಲ್ಲಂದ್ರ ಆ ಕಡಿ ಯಾರರ ಸಾಯೂತನ ಕಾಯಬೇಕು."

ಇಷ್ಟರಲ್ಲಿ ದಿಢೀರ್ ಬಸ್ಸು ಒಳಗೆ ಬಂತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ಇಲ್ಲಿಯ ಪದ್ಧತಿ. ಟವೆಲ್ ಬಿದ್ದ ಸೀಟಿನ ಮೇಲೆ ಹೆತ್ತ ತಾಯಿ ಬಂದರೂ ಕೂಡುವಂತಿಲ್ಲ. ಅದರಂತೆ ಎರಡು ನಿಮಿಷದಲ್ಲಿ ನಲವತ್ತೆಂಟೂ ಸೀಟಿನ ಮೇಲೆ ಟವೆಲ್ಲುಗಳು ಬಿದ್ದವು. ಎಸೆದವರು ಕ್ಯಾಂಟೀನಿಗೆ ಹೋಗಿ, ಸುಸಲಾ ಮಿರ್ಚಿ ಹೇಳಿ, ಹೋಗಬೇಕೋ ಬ್ಯಾಡೋ ಎಂದು ವಿಚಾರ ಮಾಡುತ್ತ ಕುಳಿತರು.

ಮೌಲಾಬಿ ಬಾಗಿಲಿಗೆ ಬಂದಾಗ ಶರಣಕುಮಾರ ಸಾಹೇಬರು ರಿಜಿಸ್ಟರ್ ಹಿಡಿದು ಅಡ್ಡ ನಿಂತಿದ್ದರು.

"ಜಾಗ ಇಲ್ಲವ್ವಾ."

"ಒಳಗ ಒಂದು ನರಪಿಳ್ಳಿ ಇಲ್ಲಲ್ರೀ ಸಾಹೇಬ್ರ?"

"ಟವೆಲ್ ಕುಂತಾವ, ಕಾಣಂಗಿಲ್ಲೇನು?"

"ಅವುಗಳ ಮಾಲಕರು ಕ್ಯಾಂಟೀನಿನಾಗ ಮಿರ್ಚಿ ತಿನ್ನಾಕತ್ಯಾರ. ಬರ್ತಾರೋ ಇಲ್ಲೋ ಅವರಿಗೇ ಗೊತ್ತಿಲ್ಲ. ನನಗ ಖರೇನ ಮನಸಾಗ್ಯದ್ರಿ, ಈಗ, ನಿಂತ ಕಾಲ ಮ್ಯಾಲ."

"ಎಷ್ಟು ಗಂಟೆಗಾತು ಮನಸ್ಸು?"

"ಹತ್ತೂಮುಕ್ಕಾಲಿಗ್ರಿ."

"ಹದಿನೈದು ನಿಮಿಷ ಮೊದಲೇ ಆಗ್ಯದ. ನಡೆಯಂಗಿಲ್ಲ. ಮತ್ತ ಗಾಡಿ ನೋಡ್ಕೊ ಅಂತ ಯಾರಿಗರ ಹೇಳಿ ಬಂದೀಯೇನು?"

"ಮಲಕಮ್ಮಗ ಹೇಳೀನ್ರಿ."

ಸಾಹೇಬರು ಮರುಕದಿಂದ ತಲೆ ಅಲ್ಲಾಡಿಸಿದರು. "ಅಂದ್ರ ಪೂರ್ವತಯಾರಿ. ನೀ ದಿಢೀರ್ ಅಲ್ಲ."

ಹನ್ನೊಂದಾಯಿತು. ಹೊತ್ತಿಗೆ ಸರಿಯಾಗಿ ಬಸ್ಸು ಬಿಡಬೇಕೆಂದು ಯಾದಗಿರಿಯಿಂದ ಮೇಲಿನವರ ಫೋನು ಬಂತು. ಕ್ಯಾಂಟೀನಿನಲ್ಲಿ ಎರಡನೇ ಪ್ಲೇಟು ಮಿರ್ಚಿ ಬಂದಿತ್ತು. ಸಾಹೇಬರು ನಿಯಮಾವಳಿ ತೆಗೆದು ಓದಿದರು. ಫಲಾನುಭವಿಯು 'ಯಾವುದೇ ವಿಚಾರ ಮಾಡದೆ ಹೊರಟವರು' ಆಗಿರಬೇಕು ಎಂದಿತ್ತು. ಅವರು ಒಳಗೆ ಇಣುಕಿದರು. ವಿಚಾರ ಮಾಡದೆ ಹೊರಟವರು ಟವೆಲ್ಲುಗಳಷ್ಟು ಪಕ್ಕಾ ಬೇರೆ ಯಾರಿದ್ದಾರೆ? ಗುರಿಯೂ ಮುಟ್ಟಿತ್ತು. ನಲವತ್ತೆಂಟನ್ನೂ ಬಣ್ಣದ ಸಮೇತ ನೋಂದಾಯಿಸಿ, "ಬಿಡಪಾ ಯಂಕಣ್ಣ" ಅಂದರು.

ಡ್ರೈವರ್ ಯಂಕಣ್ಣ ಗೇರು ಹಾಕಿದ. ಬಸ್ಸು ಜರುಗಿತು. ಮೌಲಾಬಿ ಮುಂದಕ್ಕೆ ಓಡಿದಳು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಹೆಗಲ ಮೇಲಿದ್ದ, ಬಳೆ ಒರೆಸುವ ಒದ್ದಿ ಟವೆಲ್ ತೆಗೆದು ಡ್ರೈವರನ ಕಿಟಕಿಯಿಂದ ಎಸೆದಳು. ಅದು ಯಂಕಣ್ಣನ ಮೂಗು ಸವರಿ ಬಾನೆಟ್ಟಿನ ಮೇಲೆ ಕುಳಿತಿತು. ಬಸ್ಸು ನಿಂತಿತು.

"ನಲವತ್ತೊಂಬತ್ತು!" ಸಾಹೇಬರು ಖುಷಿಯಾದರು. ಗುರಿ ಮೀರಿದ ಸಾಧನೆ. "ಇದರದೇನೂ ತಕರಾರಿಲ್ಲ. ಬರಲಿ."

"ಮತ್ತ ನಾನ್ರಿ?"

"ನಿನಗೇನು ಸಂಬಂಧ?"

ಯಂಕಣ್ಣ ಟವೆಲ್ ಮುಟ್ಟಿ ನೋಡಿ ಗಂಭೀರವಾದ. "ಸಾಹೇಬ್ರ, ಇದು ಪೂರಾ ತೊಯ್ದದ. ಮೈ ತಣ್ಣಗಾಗ್ಯದ. ಹಾದ್ಯಾಗ ಹೆಚ್ಚುಕಡಿಮಿ ಆದ್ರ ನನ್ನ ಮ್ಯಾಲ ಬರ್ತದ್ರಿ."

ಸಾಹೇಬರು ಮತ್ತೆ ನಿಯಮಾವಳಿ ತಿರುವಿದರು. ಅಸ್ವಸ್ಥ ಫಲಾನುಭವಿಯ ಸಂಗಡ ಒಬ್ಬ ಸಹಾಯಕರನ್ನು ಬಿಡಬಹುದೆಂದಿತ್ತು. ರಿಜಿಸ್ಟರಿನಲ್ಲಿ 'ಕಾಯಿಲೆ: ಒದ್ದಿ. ಸಹಾಯಕಿ: ಮೌಲಾಬಿ' ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಮೌಲಾಬಿ ರೋಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬಾನೆಟ್ಟಿನ ಮೇಲೆ ಕುಳಿತಳು, ಸಾಹೇಬರು ಸೀಟಿಲ್ಲದೆ ಬಾಗಿಲಲ್ಲಿ ನಿಂತರು.

ಸುರಪುರದಲ್ಲಿ ಮೂವತ್ತು ಮಂದಿ ಓಡಿ ಬಂದು ಕಿಟಕಿಯಲ್ಲಿ ಇಣುಕಿದರು. "ತುಂಬಿ ತುಳುಕಾಡಾಕತ್ಯದ, ನಡೀರಿ" ಎಂದು ತಿರುಗಿದರು. ಅವರಲ್ಲೊಬ್ಬರಿಗೂ ಇದು ಅನ್ಯಾಯ ಅನಿಸಲಿಲ್ಲ.

ಹೊಳೆ ದಂಡೆಯಲ್ಲಿ ಸಾಹೇಬರು ಟವೆಲ್ಲುಗಳನ್ನು ಉಸುಕಿನ ಮೇಲೆ ಸಾಲಾಗಿ ಹಾಸಿ ಫೋಟೋ ಹೊಡೆದು ಯಾದಗಿರಿಗೆ ಕಳಿಸಿದರು. ಹಸಿರು ಚೌಕಡಿಯ ಟವೆಲ್ಲಿಗೆ ಮೊದಲ ಬಹುಮಾನ ಬಂತು. ಕ್ಯಾಂಟೀನಿಗೆ ಸುದ್ದಿ ಮುಟ್ಟಿದಾಗ ಆ ಟವೆಲ್ಲಿನ ಮಾಲಕ ಬಸವಂತ ಎದ್ದು ನಿಂತು ಎಲ್ಲರ ಕೈ ಕುಲುಕಿ, "ಅದು ಮೊದಲಿಂದ ಹಂಗೇ ನೋಡ್ರಿ, ಯಾರ ಮಾತೂ ಕೇಳಂಗಿಲ್ಲ" ಎಂದನಂತೆ.

ಮೌಲಾಬಿ ಆಗಲೇ ನೀರಿಗೆ ಕಾಲು ಇಳಿಬಿಟ್ಟಿದ್ದಳು.

"ಏ, ಸಹಾಯಕರು ನೀರಿಗೆ ಇಳಿಯುವಂತಿಲ್ಲ" ಎಂದರು ಸಾಹೇಬರು.

"ರೋಗಿಗೆ ನೀರು ಕುಡಸಾಕತ್ತೀನ್ರಿ" ಎಂದು ಮೌಲಾಬಿ ತನ್ನ ಟವೆಲ್ಲಿನ ತುದಿಯನ್ನು ನೀರಿಗೆ ಅದ್ದಿದಳು.

ಅದು ನಿಯಮದೊಳಗೇ ಇತ್ತು. ಮೌಲಾಬಿ ಕಣ್ಣು ಮುಚ್ಚಿ ಕಾಲಾಡಿಸಿದಳು, ಪಾದದ ಬಿರುಕುಗಳಲ್ಲೆಲ್ಲ ಹೊಳೆ ಹೊಕ್ಕಿತು. ಸಾಹೇಬರು ಬೂಟುಗಾಲಲ್ಲೇ ಬಹಳ ಹೊತ್ತು ನಿಂತು ನೋಡಿದರು.

"ಹೆಂಗದಾವ ನೀರು?"

"ಇಳಿದು ನೋಡ್ರಿ."

"ಮನಸ್ಸೇನೋ ಆಗ್ಯದ. ಆದ್ರ ಅರ್ಜಿ ಹಾಕಬೇಕು, ನನ್ನ ಅರ್ಜಿ ನಾನೇ ನೋಡಬೇಕು, ನನಗ ಈ ವಾರ ಪುರಸತ್ತಿಲ್ಲ."

ಅವರು ಸ್ವಲ್ಪ ಯೋಚಿಸಿ, ಕಿಸೆಯಿಂದ ಕರವಸ್ತ್ರ ತೆಗೆದು, ನಾಲ್ಕು ಮಡಿಕೆ ಬಿಚ್ಚಿ, ಅದರ ಒಂದು ತುದಿ ಹಿಡಿದು ನೀರಿಗೆ ಇಳಿಬಿಟ್ಟರು.

"ಹಾ," ಎಂದರು ಸಾಹೇಬರು. "ಭಾಳ ತಂಪಾತು."

ಮೌಲಾಬಿ ಸ್ವಲ್ಪ ಆಚೆ ಸರಿದು ಕರವಸ್ತ್ರಕ್ಕೆ ಜಾಗ ಮಾಡಿಕೊಟ್ಟಳು.