ಸ್ಕಾಟ್ಲೆಂಡಿನ ಮನೆಗೆ ಆನೆ ಬರುತ್ತದೆಯೇ?

ಯಾರಾದರೂ ನನ್ನನ್ನು ಹೊಗಳಿದರೆ ನನ್ನ ಬುದ್ಧಿ ಅರ್ಧ ದಿನ ರಜೆ ಹಾಕುತ್ತದೆ. ಇದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯೇನಿಲ್ಲ, ನನ್ನ ಹೆಂಡತಿ ಆಗಲೇ ಊರಿಗೆಲ್ಲ ಹೇಳಿಯಾಗಿದೆ. ತರಕಾರಿಯವನು "ಮೇಷ್ಟ್ರಿಗೆ ಗೊತ್ತಿಲ್ದೆ ಇರೋದು ಏನದ?" ಅಂದರೆ ಸಾಕು, ಕೊಳೆತ ಟೊಮೇಟೊವನ್ನೂ ತೂಗಿಸಿಕೊಂಡು ಬರುತ್ತೇನೆ. ಇಂಥವನಿಗೆ ನನ್ನ ತಂಗಿ ಪುಟ್ಟತಾಯಿ ಫಾರಿನ್ನಿನಲ್ಲಿ ಮನೆ ಹುಡುಕುವ ಕೆಲಸ ಒಪ್ಪಿಸಿದಳು.

ತಂಗಿ ಇರುವುದು ತಾಳವಾಡಿ ಬೆಟ್ಟದ ಮೇಲಿನ ಕಾಡಂಚಿನ ಊರು ತಿಗನಾರೆಯಲ್ಲಿ. ಕೂಲಿ ಮಾಡಿ, ಎರಡು ಹಸು ಸಾಕಿ, ಮಗಳು ಮಾದೇವಿಯನ್ನು ಕೊಯಮತ್ತೂರಿನಲ್ಲಿ ಓದಿಸಿದಳು. ಆ ಹುಡುಗಿಗೆ ಕಾಡಿನ ವಿಷಯ ಓದಲು ಸ್ಕಾಟ್ಲೆಂಡಿನಲ್ಲಿ ಸೀಟು ಸಿಕ್ಕಿತು. ಫೀಸು ಅವರೇ ಕೊಡುತ್ತಾರೆ, ಇರಲು ಜಾಗ ನಾವೇ ನೋಡಿಕೊಳ್ಳಬೇಕು. ಮಾದೇವಿಗೆ ಪರೀಕ್ಷೆ ನಡೆಯುತ್ತಿತ್ತು. ಹಾಗಾಗಿ ತಾಳವಾಡಿಯ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ನಾನು ಕೂತೆ. ಇಂಟರ್ನೆಟ್ಟು ನಮ್ಮ ಬೆಟ್ಟ ಹತ್ತಿ ಬಂದ ಹೊಸತು. ಒಂದು ಫೋಟೊ ಮೇಲಿನಿಂದ ಕೆಳಕ್ಕೆ ಇಳಿಯುವಷ್ಟರಲ್ಲಿ ಎರಡು ಟೀ ಮುಗಿಯುತ್ತಿತ್ತು. ಅಂತೂ ಒಂದು ಮನೆ ಕಂಡಿತು. ಕಿಟಕಿಗೆ ಹೂವಿನ ಪರದೆ, ಬಾಡಿಗೆ ಬಲು ಕಡಿಮೆ. ಬರೆದೆ. ಮಾಲೀಕನ ಉತ್ತರ "ಮಾನ್ಯ ಪ್ರೊಫೆಸರರೇ" ಎಂದು ಶುರುವಾಗಿತ್ತು. ಮಿಡ್ಲ್ ಸ್ಕೂಲಿನ ಮೇಷ್ಟ್ರು ನಾನು. ಅಷ್ಟನ್ನು ನಾಲ್ಕು ಸಲ ಓದಿದೆ. ತಾನು ಪರಸ್ಥಳದಲ್ಲಿರುವುದರಿಂದ ಮನೆ ತೋರಿಸಲಾಗದು, ಶುಕ್ರವಾರದೊಳಗೆ ಅಡ್ವಾನ್ಸ್ ಕಳಿಸಿದರೆ ಬೀಗದ ಕೈ ಕೊರಿಯರಿನಲ್ಲಿ ಬರುತ್ತದೆ ಎಂಬ ಉಳಿದದ್ದನ್ನು ಒಂದೇ ಸಲ.

ಅಡ್ವಾನ್ಸಿಗೆಂದು ತಂಗಿ ಎರಡೂ ಹಸು ಮಾರಿದಳು. ದುಡ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದವಳು, "ಮೊದ್ಲು ಇದ ಕೇಳಣ್ಣ, ಆ ಮನೆತಕೆ ಆನೆ ಬತ್ತದಾ?" ಎಂದಳು.

ನಗಬೇಡಿ. ನಮ್ಮ ಕಡೆ ಮನೆಯಾಗಲಿ ಹೊಲವಾಗಲಿ ಹಿಡಿಯುವಾಗ ಮೊದಲ ಪ್ರಶ್ನೆ ಇದೇ. ಆನೆ ಬರುತ್ತದೆಂದು ಕೇಳುವವನಿಗೂ ಗೊತ್ತು. ಕೇಳುವುದು ಎದುರಿನ ಮನುಷ್ಯನನ್ನು ಅಳೆಯಲು. "ಬರೋದೇ ಇಲ್ಲ" ಎಂದವನು ಸುಳ್ಳುಗಾರ. "ಬತ್ತದ, ರಾಗಿ ತೆನೆ ಕಟ್ಟಾಗ" ಎಂದವನ ಜೊತೆ ಮಾತು ಮುಂದುವರಿಸಬಹುದು.

"ಅದು ಫಾರಿನ್ನು ಕಣವ್ವ" ಎಂದೆ.

"ಫಾರಿನ್ನಾದ್ರೆ ಏನಣ್ಣ, ಅಲ್ಲಿರೋರೂ ಮನ್ಸರೇ ತಾನೆ? ನೀ ಕೇಳ್ದೆ ನಾ ಗಂಟು ಬಿಚ್ಚಕಿಲ್ಲ."

ಮಾನ ಬಿಟ್ಟು ಬರೆದೆ. ಮರುದಿನವೇ ಉತ್ತರ: "ಬರುತ್ತವೆ, ಮಾನ್ಯ ಪ್ರೊಫೆಸರರೇ, ಖಂಡಿತ ಬರುತ್ತವೆ. ಅದಕ್ಕೆ ಬೇರೆ ಬಾಡಿಗೆ ಇಲ್ಲ."

ನನಗೆ ಹಿಡಿಸಲಾರದಷ್ಟು ಸಂತೋಷ. "ನೋಡು, ಒಂದನ್ನೂ ಮುಚ್ಚಿಡಲಿಲ್ಲ!" ಎಂದೆ. ತಂಗಿಯ ಮುಖವೂ ಅರಳಿತು. "ನಿಯತ್ತಿನ್ ಮನ್ಸ ಕಣಣ್ಣ" ಎನ್ನುತ್ತ ಗಂಟಿಗೆ ಕೈ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮೊದಲು, ಮಾಲೀಕನ ಖಾತೆ ನಂಬರ್ ಬರೆದುಕೊಳ್ಳಲು ಜೆರಾಕ್ಸ್ ಅಂಗಡಿಗೆ ಹೋದೆವು. ಪರೀಕ್ಷೆ ಮುಗಿಸಿದ ಮಾದೇವಿ ದಿಂಬಂ ಘಾಟಿನ ಬಸ್ಸಿಳಿದು ನೇರ ಅಲ್ಲಿಗೇ ಬಂದಳು. ಪತ್ರ ಓದಿ ಮೊದಲು ನಕ್ಕಳು, ಆಮೇಲೆ ಅವಳ ಮುಖ ಬಿಳಿಚಿಕೊಂಡಿತು.

"ಮಾವ, ಆ ದೇಶದ ಕಾಡಲ್ಲಿ ಆನೇನೇ ಇಲ್ಲ."

"ಝೂನಿಂದ ತಪ್ಪಿಸ್ಕೊಂಡು ಬರಬಹುದಲ್ಲ?" ಎಂದೆ. ಪ್ರೊಫೆಸರ್ ಪದವಿ ಅಷ್ಟು ಸುಲಭವಾಗಿ ಬಿಡಲಾಗುತ್ತದೆಯೇ?

"ಮಾವ! ಏನು ಕೇಳಿದ್ರೂ ಹೂಂ ಅನ್ನೋನಿಗೆ ಕಣ್ಣು ಅಡ್ವಾನ್ಸ್ ಮೇಲೆ. ದುಡ್ಡು ಕಳಿಸ್ಬೇಡಿ, ಅಲ್ಲಿನ ಕಾಲೇಜಿನವರನ್ನೇ ಕೇಳೋಣ" ಎಂದು ತಾನೇ ಕೂತು ಬರೆದಳು.

ಸೋಮವಾರ ಮೂವರೂ ಮತ್ತೆ ಹೋದೆವು. ಕಾಲೇಜಿನ ಉತ್ತರ ಬಂದಿತ್ತು: ಆ ಬೀದಿಯಲ್ಲಿ ಆ ನಂಬರಿನ ಮನೆಯೇ ಇಲ್ಲ, ಯಾರಿಗೂ ಹಣ ಕಳಿಸಬೇಡಿ, ಹಾಸ್ಟೆಲಿನಲ್ಲಿ ಕೋಣೆ ಕೊಡುತ್ತೇವೆ. ತಂಗಿ ಮಗಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು. "ನನ್ ಅಸ ಮಾರಿದ್ ಕಾಸು ಕಳ್ಳನ್ ಪಾಲಾಗ್ತಿತ್ತಲ್ಲವ್ವ!" ನನ್ನ ಕಣ್ಣೂ ತುಂಬಿತು. ಆ ದುಡ್ಡನ್ನು ಕಳ್ಳನಿಗೆ ಮುಟ್ಟಿಸಲು ಹೊರಟಿದ್ದವನು ನಾನೇ ತಾನೆ?

ಉಳಿದಷ್ಟು ಮರ್ಯಾದೆಯನ್ನಾದರೂ ಉಳಿಸಿಕೊಳ್ಳಲು ಮೇಷ್ಟ್ರ ದನಿ ತೆಗೆದೆ. "ಅದು ಸರಿ, ಅಲ್ಲಿ ಆನೆ ಇಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳಿದೆಯಲ್ಲ, ನಿನಗೆ ಯಾರು ಹೇಳಿಕೊಟ್ಟರು?"

"ನೀವೇ ಮಾವ, ಆರನೇ ಕ್ಲಾಸಲ್ಲಿ. ನಾನು 'ಎಲ್ಲಾ ದೇಶದಲ್ಲೂ ಆನೆ ಅವೆ' ಅಂದಿದ್ದಕ್ಕೆ ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ರಿ."

ಅಂಗಡಿಯವನು ಜೆರಾಕ್ಸ್ ಹೊಡೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ. ಗೋಡೆಯ ಪಕ್ಕದ ಬೆಂಚು ಖಾಲಿಯಿತ್ತು. "ಕೂತ್ಕೊಳಿ ಮೇಷ್ಟ್ರೆ" ಎಂದ. ತಿಗನಾರೆ ಬಸ್ಸು ಬರುವವರೆಗೂ ನಾನು ನಿಂತೇ ಇದ್ದೆ.