ಅಳಿಯದೇವರ ನಿದ್ದೆ

ನಿದ್ದೆಯನ್ನು ದೇವರು ಎಲ್ಲರಿಗೂ ಪುಕ್ಕಟೆಯಾಗಿ ಕೊಟ್ಟಿದ್ದಾನೆಂದು ನಾನು ಬಹಳ ಕಾಲ ನಂಬಿದ್ದೆ. ದೋಹಾದ ಒಂದು ಪುಟ್ಟ ಸರಕು ವಿಮಾನ ಕಂಪನಿಯಲ್ಲಿ, ಯಾವ ಪೈಲಟ್ ಯಾವಾಗ ಹಾರಬೇಕೆಂದು ಡ್ಯೂಟಿ ಹಾಕುವ ಗುಮಾಸ್ತನಾದ ಮೇಲೆ ಆ ನಂಬಿಕೆ ಹೋಯಿತು. ಪೈಲಟ್ಟುಗಳ ನಿದ್ದೆಗೆ ಒಂದು ಕಾನೂನಿದೆ. ಆ ಕಾನೂನಿಗೆ ಒಬ್ಬ ಇನ್‌ಸ್ಪೆಕ್ಟರ್ ಇದ್ದಾರೆ. ಇನ್‌ಸ್ಪೆಕ್ಟರಿಗೆ ಒಬ್ಬ ಅಳಿಯ ಇದ್ದಾನೆ. ತೊಂದರೆಯೆಲ್ಲ ಇಷ್ಟೇ.

ನಮ್ಮ ವಿಮಾನಗಳು ನೋಂದಣಿಯಾದದ್ದು ಎಲ್ಲೋ ದೂರದ ದೇಶದಲ್ಲಿ. ಹಾಗಾಗಿ ಕಾನೂನೂ ಅಲ್ಲಿಯದೇ, ಇನ್‌ಸ್ಪೆಕ್ಟರೂ ಅಲ್ಲಿಯವರೇ. ರಾತ್ರಿಯೆಲ್ಲ ಹಾರಿದವನಿಗೆ ಮರುದಿನ ಇಡೀ ವಿಶ್ರಾಂತಿ ಕೊಡಬೇಕೆಂಬ ನಿಯಮಕ್ಕೆ ಅವರು ನಮ್ಮ ಕಂಪನಿಗೆ ಮಾತ್ರ 'ವಿಶೇಷ ವಿನಾಯಿತಿ' ದಯಪಾಲಿಸಿದರು. ಅದೇ ತಿಂಗಳು ಅವರ ಅಳಿಯ ನಮ್ಮಲ್ಲಿ ಪೈಲಟ್ ಆಗಿ ಸೇರಿದ. ಎರಡಕ್ಕೂ ಸಂಬಂಧವಿದೆ ಎನ್ನುವಷ್ಟು ಬುದ್ಧಿವಂತರು ಆಫೀಸಿನಲ್ಲಿ ಯಾರೂ ಇರಲಿಲ್ಲ. ಇದ್ದವರಿಗೆ ಸಂಬಳ ಬೇಕಿತ್ತು. ಅಳಿಯದೇವರು ಬೆಳಗ್ಗೆ ಹಾರಿ ಊಟಕ್ಕೆ ಮನೆ ಸೇರುತ್ತಿದ್ದರು. ರಾತ್ರಿಗಳು ಉಳಿದವರ ಪಾಲಿಗೆ.

ಆ ಉಳಿದವರಲ್ಲಿ ಒಬ್ಬರು ಉಡುಪಿಯ ವಿಲ್ಸನಣ್ಣ, ನಮ್ಮ ಸಹಪೈಲಟ್. ಏಷ್ಯನ್ ಗೇಮ್ಸ್‌ಗೆಂದು ಊರನ್ನೆಲ್ಲ ಅಗೆದುಹಾಕಿದ್ದ ಆ ದಿನಗಳಲ್ಲಿ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ನಾವಿಬ್ಬರೂ ಇದ್ದೆವು. ಹಗಲು ಮಲಗಲೆಂದು ಅವರು ಕಿಟಕಿಗೆಲ್ಲ ಚಪಾತಿ ಸುತ್ತುವ ಬೆಳ್ಳಿ ಹಾಳೆ ಅಂಟಿಸಿದ್ದರು. ಆ ಕೋಣೆಯಲ್ಲಿ ಮಧ್ಯಾಹ್ನವೂ ಮಸುಕು ನೀಲಿ. ಎ.ಸಿ. ಸಮುದ್ರದಂತೆ ಉಸಿರಾಡುತ್ತಿತ್ತು. ತಲೆಯ ಮೇಲೆ ಹಾದುಹೋಗುವ ವಿಮಾನದ ಸದ್ದಿಗೆ ಲೋಟದ ನೀರು ನಡುಗಿ, ಮತ್ತೆ ತಾನೇ ನಿದ್ದೆಹೋಗುತ್ತಿತ್ತು. ನಾನು ಬಾಗಿಲಲ್ಲಿ ನಿಂತರೆ ನಿಂತಲ್ಲೇ ಆಕಳಿಕೆ. ವಿಲ್ಸನಣ್ಣನಿಗೆ ಮಾತ್ರ ಕಣ್ಣು ಮುಚ್ಚುವಷ್ಟರಲ್ಲಿ ಮುಂದಿನ ಡ್ಯೂಟಿಯ ಫೋನು. ಮಾಡುತ್ತಿದ್ದವನು ನಾನೇ.

ಒಂದು ಸಂಜೆ ಅವರು ಅನ್ನ ಕಲಸುತ್ತಾ ತಣ್ಣಗೆ ಹೇಳಿದರು: "ನಿನ್ನೆ ಸಮುದ್ರದ ಮೇಲೆ ನನಗೆ ಎಚ್ಚರವಾಯ್ತು ಮಾರಾಯ."

"ಎಚ್ಚರವಾಯ್ತಾ? ಅಂದ್ರೆ?"

"ಅಂದ್ರೆ ಅದೇ. ಪಕ್ಕಕ್ಕೆ ನೋಡಿದ್ರೆ ಕ್ಯಾಪ್ಟನಿಗೂ ಆಗಷ್ಟೇ ಎಚ್ಚರ. ಒಬ್ಬರಿಗೊಬ್ಬರು ಗುಡ್ ಮಾರ್ನಿಂಗ್ ಹೇಳಿದೆವು. ಕೆಳಗೆ ಹಡಗುಗಳ ದೀಪ, ಮಲ್ಪೆಯಲ್ಲಿ ದೋಣಿ ನಿಂತ ಹಾಗೆ. ಎಷ್ಟು ಚೆಂದ ಉಂಟು ಗೊತ್ತುಂಟಾ?"

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. "ಇವತ್ತು ಹೋಗ್ಬೇಡಿ ಅಣ್ಣ. ಆಯಾಸ ಅಂತ ಬರೀತೇನೆ."

"ಬೇಡ ಬೇಡ! ನಾನು ಕ್ಯಾಪ್ಟನ್ ಆಗ್ಲಿಕ್ಕಿರುವ ಪರೀಕ್ಷೆ ತೆಗೊಳ್ಳುವುದು ಅದೇ ಇನ್‌ಸ್ಪೆಕ್ಟರ್. ಆಯಾಸ ಅಂದವರು ಯಾರು ಪಾಸಾಗಿದ್ದಾರೆ ಹೇಳು?" ಎಂದವರು ಹಾಗೆಯೇ ಗೋಡೆಗೆ ಒರಗಿದರು. ಕೈ ಸಾರಿನಲ್ಲಿ, ಗೊರಕೆ ಆಕಾಶದಲ್ಲಿ.

ನಾನು ಆಫೀಸಿಗೆ ಹೋಗಿ ಅವರ ಹೆಸರಿನ ಮುಂದೆ 'ಹೊಟ್ಟೆ ಸರಿಯಿಲ್ಲ' ಎಂದು ಬರೆದೆ. ಹೊಟ್ಟೆಯ ಬಗ್ಗೆ ಇನ್‌ಸ್ಪೆಕ್ಟರಿಗೆ ದ್ವೇಷವಿರಲಿಲ್ಲ. ಬದಲಿಗೆ ಕರೆಯಲು ಉಳಿದಿದ್ದವರು ಅಳಿಯದೇವರು ಒಬ್ಬರೇ. ನನ್ನ ಮಾತಿಗೆ ಅವರು ಸೋಫಾದಿಂದ ಏಳುವವರಲ್ಲ. ಇಲ್ಲೊಂದು ವಿಷಯ ಹೇಳಬೇಕು: ನನಗೆ ಎಲ್ಲರ ಧ್ವನಿಯೂ ಬರುತ್ತದೆ. ಮನೆ ಮಾಲೀಕನದು, ಮ್ಯಾನೇಜರನದು, ಕುಕ್ಕರಿನದು. ನನ್ನದು ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕು. ಫೋನಿನಲ್ಲಿ ಮ್ಯಾನೇಜರನ ಗಂಟಲು ತೆಗೆದು, "ಯಲ್ಲಾ ಹಬೀಬಿ, ಹೊರಡು, ಇವತ್ತು ನೀನು!" ಎಂದೆ. ಅಳಿಯದೇವರು ಹೊರಟೇಬಿಟ್ಟರು. ಕೈಯಲ್ಲಿ ಪೆನ್ನು ಇದ್ದಾಗಲೇ ಮರುರಾತ್ರಿಗೂ ಅವರ ಹೆಸರನ್ನೇ ಬರೆದಿಟ್ಟೆ.

ಮರುದಿನ ಇನ್‌ಸ್ಪೆಕ್ಟರ್ ಮಾವನವರ ಫೋನು. ಅವರ ಇಂಗ್ಲಿಷಿನಿಂದ ಬೈಗುಳ ತೆಗೆದರೆ ಉಳಿಯುವುದಿಷ್ಟು: "ಹುಡುಗ ಬೂಟು ಹಾಕಿಕೊಂಡೇ ಮಲಗಿದ್ದಾನೆ. ಮಗಳು ಅಳುತ್ತಿದ್ದಾಳೆ. ಇವತ್ತು ರಾತ್ರಿ ಮತ್ತೆ ಹಾಕಿದ್ದೀರಂತೆ! ಕಾನೂನು ಅನ್ನುವುದು ಇಲ್ಲವೇ?"

"ಇತ್ತು ಸಾರ್. ತಾವೇ ವಿನಾಯಿತಿ ಕೊಟ್ಟಿದ್ದೀರಿ."

ಆ ಕಡೆಯಿಂದ ಪೆನ್ನು ಮೇಜಿಗೆ ಕುಟ್ಟುವ ಸದ್ದು ಬಂತು. ಅಪ್ಪನಿಗೂ ಅಧಿಕಾರಿಗೂ ಒಳಗೇ ಜಗಳವಾಗುತ್ತಿರಬೇಕು. ಕೊನೆಗೆ, "ಅವನಿಗೆ ವಿನಾಯಿತಿ ರದ್ದು" ಎಂದರು.

"ಒಬ್ಬರ ಹೆಸರಿಗೆ ಮಾತ್ರ ರದ್ದು ಹಾಕಲು ಕಂಪ್ಯೂಟರಿನಲ್ಲಿ ಬರುವುದಿಲ್ಲ ಸಾರ್. ಹಾಕಿದರೆ ಎಲ್ಲರಿಗೂ."

ಬರುತ್ತಿತ್ತು. ಧಾರಾಳವಾಗಿ ಬರುತ್ತಿತ್ತು. ಆದರೆ ಮಗಳು ಇನ್ನೂ ಅಳುತ್ತಿದ್ದಳು. "ಹಾಳಾಗಲಿ, ಎಲ್ಲರಿಗೂ ಹಾಕು. ಖಲಾಸ್!" ಎಂದು ಅವರು ಫೋನಿಟ್ಟರು. ಸಂಜೆಯೊಳಗೆ ಲಿಖಿತ ಆದೇಶವೂ ಬಂತು.

ಹೀಗೆ ಒಬ್ಬ ಅಳಿಯನ ಪುಣ್ಯದಿಂದ ಇಡೀ ಕಂಪನಿ ಮಲಗಿತು. ವಿಲ್ಸನಣ್ಣ ಮಧ್ಯಾಹ್ನ ದಾಟಿದ ಮೇಲೆ ಎದ್ದು, ಮಗುವಿನಂತೆ ಕಣ್ಣುಜ್ಜಿಕೊಂಡು ನನ್ನ ಹತ್ತಿರ ಬಂದರು. "ಕನಸು ಬಿತ್ತು ಮಾರಾಯ! ಎಷ್ಟು ಸಮಯ ಆಗಿತ್ತು ಕನಸು ಬೀಳದೆ."

"ಎಂತ ಕನಸು?"

"ನೆನಪಿಲ್ಲ. ಆದ್ರೆ ಪೂರ್ತಿ ಇತ್ತು. ಯಾರೂ ಮಧ್ಯದಲ್ಲಿ ಎಬ್ಬಿಸ್ಲಿಲ್ಲ."

ಮ್ಯಾನೇಜರಿಗೆ ತನ್ನ ಗಂಟಲು ಎಲ್ಲಿ ಕಳವಾಯಿತೆಂದು ಗೊತ್ತಾಗಲು ತಡವಾಗಲಿಲ್ಲ. ನನ್ನನ್ನು ಕಾಯಂ ರಾತ್ರಿ ಪಾಳಿಗೆ ಹಾಕಿದರು. ವಿಶ್ರಾಂತಿಯ ನಿಯಮವನ್ನು ಮೊದಲಿನಿಂದ ಕೊನೆಯವರೆಗೆ ಓದಿ ನೋಡಿದೆ. ಅದು ಹಾರುವವರಿಗೆ ಮಾತ್ರವಂತೆ, ಹಾರಿಸುವವರಿಗಿಲ್ಲ. ಈಗ ಪೈಲಟ್ಟುಗಳು ಸೇಬಿನಂಥ ಮುಖ ಹೊತ್ತು ಕೌಂಟರಿಗೆ ಬಂದು, "ಏನಯ್ಯಾ, ನಿದ್ದೆ ಆಗಲಿಲ್ಲವೇ?" ಎಂದು ನನ್ನನ್ನೇ ವಿಚಾರಿಸುತ್ತಾರೆ. ಕೌಂಟರಿನ ಗಾಜಿಗೆ ಹಣೆ ಆನಿಸಿ, ಅರ್ಧ ಕಣ್ಣಿನಲ್ಲಿ ನಾನೂ ವಿಚಾರಿಸುತ್ತಿದ್ದೇನೆ: ಗುಮಾಸ್ತರ ನಿದ್ದೆಗೂ ಎಲ್ಲಾದರೂ ಒಬ್ಬ ಇನ್‌ಸ್ಪೆಕ್ಟರ್ ಇದ್ದಾರೆಯೇ, ಇದ್ದರೆ ಅವರಿಗೆ ಮದುವೆಗೆ ಬಂದ ಮಗಳಿದ್ದಾಳೆಯೇ ಎಂದು.