ಗುಡುಗುಗಾಲಿಯ ಬೂಟು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಶನಿವಾರ, ಕಡಲ ಅಲೆ ಬಂದು ಕದ ತಟ್ಟುವಷ್ಟು ಸಮೀಪದ ಟೆಶಿ ಊರಿನಲ್ಲಿ ಬೊರ್ಕೆಟೆ ಎಂಬ ಬಣ್ಣಗಾರನಿದ್ದ. ಅವನಿಗೆ ಎರಡು ವಿದ್ಯೆ ಒಲಿದಿದ್ದವು. ಒಂದು, ಬಣ್ಣ ಹಚ್ಚುವುದು. ಇನ್ನೊಂದು, ಮಾತು ಕೊಡುವುದು. ಮೊದಲನೆಯದರಲ್ಲಿ ಅವನನ್ನು ಮೀರಿಸುವವರು ಊರಿನಲ್ಲಿರಲಿಲ್ಲ. ಎರಡನೆಯದರಲ್ಲಿ ಇಡೀ ಘಾನಾದಲ್ಲೇ ಇರಲಿಲ್ಲ.

ಅವನು ದುಡಿಯುತ್ತಿದ್ದದ್ದು ಶವಪೆಟ್ಟಿಗೆ ಮಾಡುವ ಬಡಗಿಯ ಹತ್ತಿರ. ಟೆಶಿಯಲ್ಲಿ ಸತ್ತವರು ಬರಿಯ ಪೆಟ್ಟಿಗೆಯಲ್ಲಿ ಹೋಗುವುದಿಲ್ಲ. ಬೆಸ್ತ ಮರದ ಮೀನಿನೊಳಗೆ ಮಲಗಿ ಹೋಗುತ್ತಾನೆ, ಟೊಮೆಟೊ ಮಾರಿದವಳು ಟೊಮೆಟೊದೊಳಗೆ, ಲಾರಿ ಓಡಿಸಿದವನು ಲಾರಿಯೊಳಗೆ. ಬಡಗಿ ಮೊದಲು ಒಂದು ಪುಟ್ಟ ಮಾದರಿ ಮಾಡಿ ಮನೆಯವರಿಗೆ ತೋರಿಸುತ್ತಾನೆ. ಅವರು ಕಣ್ಣೊರೆಸಿಕೊಂಡು ಒಪ್ಪಿದ ಮೇಲೆ ದೊಡ್ಡದು. ಬೊರ್ಕೆಟೆ ಬಣ್ಣ ಹಚ್ಚಿದ ಮೀನಿನ ಹಿಂದೆ ಮಸಣದವರೆಗೂ ಬೆಕ್ಕುಗಳು ನಡೆದದ್ದುಂಟು.

ಅವನ ಮಗಳು ಡೆಡೆಯ್ ತನ್ನದೇ ಒಬ್ಬ ಮಹಾವೀರೆಯನ್ನು ಹುಟ್ಟಿಸಿಕೊಂಡಿದ್ದಳು. ಹೆಸರು ಗುಡುಗುಗಾಲಿ. ಊರಿನಲ್ಲಿ ಕರೆಂಟು ಹೋದಾಗ ಗುಡುಗುಗಾಲಿ ಬಂದು ಕಾಲು ಅಪ್ಪಳಿಸಿದರೆ ಸಾಕು, ಸತ್ತ ಫ್ಯಾನುಗಳೆಲ್ಲ ಎದ್ದು ತಿರುಗಬೇಕು. ಶನಿವಾರ ಸಂಜೆ ಶಾಲೆಯ ಬಯಲಿನಲ್ಲಿ ಮಕ್ಕಳ ವೇಷದ ಮೆರವಣಿಗೆ. ತಾಯಿ ಕೊರ್ಕೊಯ್ ಹಳೆಯ ಪರದೆ ಕತ್ತರಿಸಿ ಬೆನ್ನಮೇಲೆ ಹಾರಾಡುವ ಕೆಂಪು ಹೊದಿಕೆ ಹೊಲಿದಿದ್ದಳು. ಬೂಟು ಮಾತ್ರ ಅಪ್ಪ ಕೊಟ್ಟ ಮಾತು.

ಅಪ್ಪನ ಮೊದಲ ಜೊತೆ ರಟ್ಟಿನದು. ಅದನ್ನು ಆಡು ತಿಂದಿತು. ಎರಡನೆಯದು ಹಳೇ ಹಾಸಿಗೆಯ ಸ್ಪಂಜಿನದು. ಅದು ಒಂದು ಮಳೆಗೆ ನೀರು ಕುಡಿದು ಬಸುರಿ ಕಪ್ಪೆಗಳಂತೆ ಊದಿಕೊಂಡಿತು. ಶುಕ್ರವಾರ ಮಲಗುವ ಮುಂಚೆ ಡೆಡೆಯ್ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. "ಪರವಾಗಿಲ್ಲಪ್ಪ, ಗುಡುಗುಗಾಲಿ ಬರಿಗಾಲಲ್ಲೇ ನಡೀತಾಳೆ ಅಂತ ಕತೇನೇ ಬದಲಾಯಿಸಿಬಿಟ್ಟೆ" ಎಂದಳು.

ಆ ಮಾತು ಬೊರ್ಕೆಟೆಯ ಎದೆಗೆ ಮುಳ್ಳಿನಂತೆ ನೆಟ್ಟಿತು. ಮಗಳು ತನ್ನಿಂದಾಗಿ ಕತೆ ಬದಲಾಯಿಸುವಂತಾಯಿತೇ! ಅವನು ರಾತ್ರಿಯೇ ಕಾರ್ಖಾನೆಗೆ ಓಡಿ ಹಗುರ ಮರದ ತುಂಡು, ಬೂಟಿನ ಪೆಟ್ಟಿಗೆಯ ಮಾದರಿಗೆಂದು ಗೋಡೆಗೆ ತೂಗುಹಾಕಿದ್ದ ಹಳೇ ಅಚ್ಚು, ಪೆಟ್ಟಿಗೆಯ ಒಳಮೈಗೆ ಹೊದಿಸಿ ಉಳಿದ ಬಿಳಿ ಸ್ಯಾಟಿನ್ ಚೂರು, ಎಲ್ಲ ಹೊತ್ತು ತಂದು ಬೆಳಗಿನವರೆಗೂ ಕೆತ್ತಿದ. ಬೆಳಗ್ಗೆ ತಾಯಿ ಮಗಳು ಜಡೆ ಹೆಣೆಸಲು ಚಿಕ್ಕಮ್ಮನ ಮನೆಗೆ ಹೋದದ್ದೇ ತಡ, ವಠಾರದ ಅಂಗಳದಲ್ಲಿ ಬಣ್ಣದ ಡಬ್ಬಿ ಬಿಚ್ಚಿ ಕುಳಿತ.

ಪಕ್ಕದ ಮನೆಯ ಲಾಮ್ಲೆ ಮೆಕ್ಕೆಜೋಳದ ಕೆಂಕಿ ಉಂಡೆ ಬೇಯಿಸಿ ಮಾರುವವಳು. ಅವಳ ಹಂಡೆಯ ಹಬೆಗಿಂತ ಬೇಗ ಅವಳ ಬಾಯಿಯ ಸುದ್ದಿ ಬೀದಿ ದಾಟುತ್ತಿತ್ತು.

"ಏನಪ್ಪ, ಶನಿವಾರಾನೂ ಬಿಡುವಿಲ್ವಾ?" ಎಂದು ಬಗ್ಗಿ ನೋಡಿದಳು. ಬೊರ್ಕೆಟೆಯ ಮಡಿಲಲ್ಲಿ ಕೆಂಪಗೆ ಹೊಳೆಯುವ ಪುಟ್ಟ ಮರದ ಬೂಟು. ಒಳಗೆ ಬಿಳಿ ಸ್ಯಾಟಿನ್. "ಅಯ್ಯೋ! ಇದು ಯಾರಿಗೋ?"

ಇವಳಿಗೆ ಹೇಳಿದರೆ ಜಡೆ ಮುಗಿಯುವ ಮುಂಚೆ ಮಗಳ ಕಿವಿಗೆ ಬೀಳುತ್ತದೆ ಎಂದು ಬೊರ್ಕೆಟೆ ಕೈ ಮುಗಿದ. "ಲಾಮ್ಲೆಯಕ್ಕ, ಸಂಜೆವರೆಗೂ ಏನೂ ಕೇಳಬೇಡ. ಯಾರಿಗೂ ಹೇಳಲೂಬೇಡ. ಹೊತ್ತು ಬಂದಾಗ ನಾನೇ ಹೇಳ್ತೀನಿ."

ಲಾಮ್ಲೆಯ ಕೈ ಎದೆಗೆ ಹೋಯಿತು. ಹಿರಿಯರೊಬ್ಬರು ತೀರಿಕೊಂಡರೆ, ಕುಟುಂಬದವರು ಸಾರುವ ತನಕ ಆ ಸುದ್ದಿಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಬೂಟಿನ ಪೆಟ್ಟಿಗೆಯಲ್ಲಿ ಹೋಗಬೇಕಾದವನು, ಬೀದಿಗೆಲ್ಲ ಚಪ್ಪಲಿ ಹೊಲಿಯುವ ಸೋವಾ ತಾತ ಒಬ್ಬನೇ. ಅವನ ಗೂಡಂಗಡಿ ಸೋಮವಾರದಿಂದ ಮುಚ್ಚಿದೆ. ಮನೆಗೂ ಬೀಗ.

"ತುಂಬಾ ಕಷ್ಟ ಆಯ್ತೇನಪ್ಪ?" ಎಂದಳು ದನಿ ತಗ್ಗಿಸಿ.

"ಯಾಕೆ ಕೇಳ್ತೀಯಕ್ಕ! ರಾತ್ರಿಯೆಲ್ಲ ಒದ್ದಾಟ. ಬೆಳಗಿನ ಜಾವಕ್ಕೆ ಮುಗೀತು ನೋಡು" ಎಂದ ಬೊರ್ಕೆಟೆ, ಬೂಟಿನ ಮೂಗಿಗೆ ಊದುತ್ತ.

ಲಾಮ್ಲೆ ಸೆರಗು ಕಚ್ಚಿಕೊಂಡು ಹೋದವಳು ಯಾರಿಗೂ ಹೇಳಲಿಲ್ಲ. ಕೆಂಕಿ ಕಟ್ಟಿಕೊಡುವಾಗ ಒಬ್ಬೊಬ್ಬರ ಮುಂದೂ ಬರೀ ನಿಟ್ಟುಸಿರು ಬಿಟ್ಟು, ಮೂಲೆಯ ಗೂಡಂಗಡಿಯ ಕಡೆ ನೋಡಿದಳು. ಅಷ್ಟು ಸಾಕಾಯಿತು.

ಹೊತ್ತೇರುತ್ತ ಅಂಗಳಕ್ಕೆ ಜನ ಬರತೊಡಗಿದರು. ಕೆಂಪು ಕಪ್ಪು ಬಟ್ಟೆಯ ಹೆಂಗಸರು ಬೂಟು ನೋಡಿ ಮೂಗು ಸೀಟಿದರು. ಶನಿವಾರ ಅಂತ್ಯಕ್ರಿಯೆಗಳ ದಿನವಾಗಿ ಅರ್ಧ ಟೆಶಿ ಸಾವಿನ ಬಟ್ಟೆಯಲ್ಲೇ ಓಡಾಡುವುದರಿಂದ ಬೊರ್ಕೆಟೆಗೆ ಅದೇನೂ ಹೊಸದಾಗಿ ಕಾಣಲಿಲ್ಲ. ಕಣ್ಣೀರು ಮಾತ್ರ ಹೊಸದು. 'ನನ್ನ ಕುಂಚಕ್ಕೆ ಇಂಥ ಶಕ್ತಿ ಇದೆಯೇ!' ಎಂದುಕೊಂಡು ಕುಂಚವನ್ನು ಮತ್ತೊಮ್ಮೆ ಬಣ್ಣಕ್ಕೆ ಅದ್ದಿದ. ಯಾರೋ ಒಂದು ಶೀಷೆ ಸಾರಾಯಿ ತಂದು ಪಕ್ಕದಲ್ಲಿಟ್ಟು ತಲೆ ಬಾಗಿಸಿದರು. ಕಲಾವಿದನಿಗೆ ಇಷ್ಟು ಗೌರವ ಯಾವ ಊರಿನಲ್ಲಿ ಸಿಗುತ್ತದೆ?

"ಹಿಮ್ಮಡಿಗೆ ರೆಕ್ಕೆ ಯಾಕೆ?" ಎಂದಳು ಒಬ್ಬ ಮುದುಕಿ.

"ಹಾರೋಕೆ, ಅಜ್ಜಿ."

"ಹೌದಪ್ಪ, ಹೌದು. ಮೊಣಕಾಲು ಬೇರೆ ನೋಯ್ತಿತ್ತು. ಹಾರಿಕೊಂಡೇ ಹೋಗಲಿ" ಎಂದು ಮುದುಕಿ ಬಿಕ್ಕಿದಳು. ಮಗಳ ಮೊಣಕಾಲು ಯಾವಾಗ ನೋಯಿತೆಂದು ಯೋಚಿಸಲೂ ಬೊರ್ಕೆಟೆಗೆ ಪುರಸೊತ್ತಿರಲಿಲ್ಲ. ಎರಡನೆಯ ಬೂಟಿಗೆ ಅಟ್ಟೆ ಬಡಿಯಬೇಕಿತ್ತು.

ಮಧ್ಯಾಹ್ನಕ್ಕೆ ಶಾಮಿಯಾನದ ಓಡೈ ಬೀದಿಯಲ್ಲಿ ಕಂಬ ನೆಟ್ಟು ಪ್ಲಾಸ್ಟಿಕ್ ಕುರ್ಚಿ ಸುರಿದ. 'ಈ ಸಲ ಮೆರವಣಿಗೆ ಜೋರಾಗಿದೆ' ಎಂದುಕೊಂಡು ಬೊರ್ಕೆಟೆ ಸುತ್ತಿಗೆ ಬೀಸಿದ.

ಆ ಹೊತ್ತಿಗೆ ಸರಿಯಾಗಿ, ತಂಗಿಯ ಊರಿನಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು ಬಂದ ಸೋವಾ ತಾತ ವ್ಯಾನಿನಿಂದ ಇಳಿದ. ತನ್ನ ಗೂಡಂಗಡಿಯ ಮುಂದೆ ಶಾಮಿಯಾನ! ನೆರಳಿದೆ, ಕುರ್ಚಿ ಖಾಲಿಯಿದೆ, ಕಾಲು ನೋಯುತ್ತಿದೆ. ಹಿಂದಿನ ಸಾಲಿನಲ್ಲಿ ಕುಳಿತ. ಯಾರೋ ಕೈಗೆ ಲೋಟ ಕೊಟ್ಟರು. ಅರ್ಧ ಕುಡಿದು, ಪಕ್ಕದ ಬೀದಿಯಿಂದ ಬಂದಿದ್ದ ಒಬ್ಬನನ್ನು ಕೇಳಿದ, "ಪಾಪ, ಯಾರಪ್ಪ ಹೋದದ್ದು?"

"ಚಪ್ಪಲಿ ಹೊಲಿಯೋ ಸೋವಾ. ಬಂಗಾರದಂಥ ಕೈ. ಆದ್ರೆ ಬಾರು ಹಾಕೋಕೆ ಕೊಟ್ರೆ ವಾರಗಟ್ಟಲೆ ಅಲೆಸ್ತಿದ್ದ" ಎಂದ ಅವನು, ಲೋಟದಿಂದ ಕಣ್ಣೆತ್ತದೆ.

"ಸುಳ್ಳು!" ಎಂದು ತಾತ ಲೋಟ ಕುಕ್ಕಿ ಎದ್ದ. "ನಿನ್ನ ಬಾರು ಹೋದ ವಾರ ಬುಧವಾರಾನೇ ಆಗಿತ್ತು! ನೀನೇ ಬರಲಿಲ್ಲ!"

ಮುಂದಿನ ಸಾಲಿನವರು ತಿರುಗಿದರು. ಆಮೇಲೆ ಕುರ್ಚಿಗಳು ಬಿದ್ದ ಸದ್ದು ಕಡಲಿಗೂ ಕೇಳಿಸಿತು. ಗದ್ದಲ ಅಡಗಿ, ತಾತನ ಕೈ ಮುಟ್ಟಿ ಮುಟ್ಟಿ ಬಿಸಿಯಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಎಲ್ಲರಿಗೂ ಒಂದೇ ಸಲ ಸಿಟ್ಟು ಬಂತು. ತಾತನನ್ನು ಮುಂದೆ ಮಾಡಿಕೊಂಡು ಇಡೀ ಶಾಮಿಯಾನ ಬೊರ್ಕೆಟೆಯ ಅಂಗಳಕ್ಕೆ ನುಗ್ಗಿತು.

"ಇವನೇ! ಇವನೇ ಹೇಳಿದ್ದು!" ಎಂದಳು ಲಾಮ್ಲೆ.

"ನಾನೇನಕ್ಕ ಹೇಳಿದೆ?"

"ಏನೂ ಹೇಳಬೇಡ ಅಂತ ಹೇಳಲಿಲ್ವೇನೋ?"

"ಇದು ನನ್ನ ಮಗಳ ಬೂಟು! ಇವತ್ತು ವೇಷಕ್ಕೆ!" ಬೊರ್ಕೆಟೆಯ ದನಿ ಅಳುವಂತಾಯಿತು. "ಎರಡು ಸಲ ಮಾತು ತಪ್ಪಿದೀನಿ. ಇವತ್ತೂ ತಪ್ಪಿದ್ರೆ ಅವಳು ಇನ್ನು ನನ್ನ ಮಾತು ಕೇಳೋದನ್ನೇ ಬಿಡ್ತಾಳೆ."

ಸೋವಾ ತಾತ ಕೋಲು ಗೋಡೆಗೆ ಒರಗಿಸಿ ಬೂಟು ಎತ್ತಿಕೊಂಡ. ಹೆಬ್ಬೆರಳಿನಿಂದ ನಯ ಮುಟ್ಟಿ ನೋಡಿದ. ರೆಕ್ಕೆಯ ಗರಿಗಳನ್ನು ಒಂದೊಂದಾಗಿ ನೋಡಿದ. ಆ ಕೆಂಪು, ಆಗತಾನೆ ಕೊಯ್ದ ಮೆಣಸಿನಹಣ್ಣಿನ ಕೆಂಪು. ನೋಡಿದರೆ ಕಣ್ಣು ಚುರುಗುಟ್ಟಬೇಕು. ಬೈಯಲು ತಂದಿದ್ದ ಮಾತೆಲ್ಲ ತಾತನಿಗೆ ಮರೆತುಹೋಯಿತು.

"ನಾನು ಬಾಳೆಲ್ಲ ಚಪ್ಪಲಿ ಹೊಲಿದೆ ಕಣೋ. ಕಾಲಿಗೆ ಹಾಕೋದನ್ನ ಹೀಗೆ ತಲೆ ಮೇಲಿಟ್ಟುಕೊಳ್ಳೋ ಹಾಗೆ ಮಾಡಿದವನನ್ನ ನೋಡಿರಲಿಲ್ಲ" ಎಂದ. "ಇನ್ನೊಂದು ಕೊಡು."

ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಇಟ್ಟ. ಎರಡು ಬೂಟುಗಳೂ ಒಂದೇ ಎಲೆಯ ಮೇಲೆ ಕಣ್ಣಿಟ್ಟ ಆಡುಗಳಂತೆ ಒಂದೇ ಕಡೆಗೆ ಮೂಗು ತಿರುಗಿಸಿ ನಿಂತಿದ್ದವು.

"ಬೊರ್ಕೆಟೆ, ನಿನ್ನ ಮಗಳಿಗೆ ಎಷ್ಟು ಎಡಗಾಲೋ?"

ಬೊರ್ಕೆಟೆ ನೋಡಿದ. ಮತ್ತೆ ನೋಡಿದ. ಪೆಟ್ಟಿಗೆಯ ಅಚ್ಚು ಯಾವತ್ತೂ ಒಂದೇ. ಬೂಟಿನಲ್ಲಿ ಮಲಗಿ ಹೋಗುವವರು ಯಾರೂ ಇನ್ನೊಂದು ಕಾಲಿಗೆ ಕೇಳಿದವರಲ್ಲ. ಅವನು ತಲೆಯ ಮೇಲೆ ಕೈ ಹೊತ್ತು ಬಣ್ಣದ ಡಬ್ಬಿಯ ಮೇಲೆ ಕುಸಿದ. ಕೂದಲೆಲ್ಲ ಕೆಂಪಾಯಿತು.

"ಹೆಣಕ್ಕೆ ಒಂದು ಸಾಕು, ಬದುಕಿರೋರಿಗೆ ಎರಡು ಬೇಕಪ್ಪ" ಎಂದು ತಾತ ನೆಲಕ್ಕೆ ಕುಳಿತ. "ಲಾಮ್ಲೆ, ಬರೀ ಅಳೋಕೆ ಬಂದೆಯಾ? ಹೋಗು, ನನ್ನ ಗೂಡಿನಿಂದ ಚೀಲ ತಾ. ಓಡೈ, ಇದನ್ನ ಗಟ್ಟಿ ಹಿಡ್ಕೊ."

ಸತ್ತವನು ಹೇಳಿದ ಮೇಲೆ ಕೇಳದೆ ಇರುವುದುಂಟೇ? ತಾತ ತೊಗಲು ಕೊಯ್ಯುವ ರಂಪಿಗೆ ಹಾಕಿ ಟೈರಿನ ಅಟ್ಟೆ ಎಬ್ಬಿಸಿದ. ಅದನ್ನು ಅಂಗಾತ ಮಗುಚಿದ್ದೇ ಎಡಗಾಲಿನದು ಬಲಗಾಲಿನದಾಯಿತು. ಮರದ ಮೂಗನ್ನು ಕತ್ತರಿಸಿ ಬಿಸಾಡಿ, ತನ್ನ ಚೀಲದ ತೊಗಲನ್ನು ನೆನೆಸಿ, ಎಳೆದು, ಬಲಕ್ಕೆ ತಿರುಗಿದ ಹೊಸ ಮೂಗು ಹೊಲಿದ. ವಾರಗಟ್ಟಲೆ ಅಲೆಸುತ್ತಾನೆಂದು ದೂರಿದವನು ಬಾಯಿ ತೆರೆದು ನೋಡುತ್ತ ದಾರಕ್ಕೆ ಮೇಣ ತಿಕ್ಕಿಕೊಟ್ಟ. ಬೊರ್ಕೆಟೆ ಬಣ್ಣ ಬಳಿದ. ಕೆಂಪು ಕಪ್ಪು ಬಟ್ಟೆಯ ಹೆಂಗಸರೆಲ್ಲ ಸುತ್ತ ಕುಳಿತು, ದುಃಖಕ್ಕೆಂದು ತಂದಿದ್ದ ಬೀಸಣಿಗೆಗಳಿಂದ ಬೂಟಿಗೆ ಗಾಳಿ ಹಾಕಿದರು.

ಜಡೆ ಹೆಣೆಸಿಕೊಂಡು, ಕೆಂಪು ಹೊದಿಕೆ ತೊಟ್ಟು ಡೆಡೆಯ್ ತಾಯಿಯ ಜೊತೆ ಒಳಗೆ ಬಂದಾಗ ಕಂಡದ್ದು ಇದು. ಅವಳು ಬೂಟನ್ನೇ ನೋಡುತ್ತ ನಿಂತುಬಿಟ್ಟಳು.

ಆ ಮುಖ ನೋಡಿ ಬೊರ್ಕೆಟೆಯ ಮನಸ್ಸು ಉಕ್ಕಿತು. "ತಾತ, ನನ್ನ ಮಾನ ಉಳಿಸಿದ್ರಿ! ಏನು ಬೇಕಾದ್ರೂ ಕೇಳಿ, ಮಾಡಿಕೊಡ್ತೀನಿ. ಇದು ನನ್ನ ಮಾತು!"

ಕೊರ್ಕೊಯ್ ಗಂಡನ ಬಾಯಿ ಮುಚ್ಚಲು ಕೈ ಚಾಚಿದಳು. ಹೊತ್ತು ಮೀರಿತ್ತು.

"ಶಾಮಿಯಾನ ಬಂತು, ಅಳು ಬಂತು, ಸಾರಾಯಿ ಬಂತು. ಬರದೆ ಉಳಿದದ್ದು ಪೆಟ್ಟಿಗೆ ಒಂದೇ" ಎಂದ ಸೋವಾ ತಾತ. "ಇದೇ ಬೂಟು, ಇದೇ ಕೆಂಪು, ನನ್ನ ಅಳತೆಗೆ ಮಾಡಿಡು. ಆದ್ರೆ ಜೊತೆ ಬೇಕು. ಬಾಳೆಲ್ಲ ಜೊತೆ ಹೊಲಿದವನು ಒಂಟಿ ಬೂಟಲ್ಲಿ ಹೋದ್ರೆ ಮೇಲಿನೋರು ನಗ್ತಾರೆ."

"ಜೊತೇನಾ! ಒಂದರಲ್ಲಿ ನೀವು ಮಲಗ್ತೀರಿ. ಇನ್ನೊಂದರಲ್ಲಿ ಯಾರು ತಾತ?"

"ನೀನೇ ಕಣೋ. ನೀನು ಕೊಟ್ಟ ಮಾತು ಮುಗಿಸೋ ಹೊತ್ತಿಗೆ ನಿನಗೂ ಒಂದು ಬೇಕಾಗಿರತ್ತೆ."

ಅಂಗಳವೆಲ್ಲ ನಕ್ಕಿತು. ಲಾಮ್ಲೆ ಆಗಲೇ ಬೀದಿಗೆ ಓಡಿದ್ದಳು; ಈ ಸಲ ಯಾರೂ ಅವಳಿಗೆ ಬಾಯಿಮುಚ್ಚಿಕೋ ಎಂದಿರಲಿಲ್ಲ.

ಬೊರ್ಕೆಟೆ ಏನನ್ನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೆಳಗಿನಿಂದ ಯಾರೋ ಅಂಗಿ ಜಗ್ಗಿದರು. ಡೆಡೆಯ್ ಎಡಗಾಲನ್ನು ಎಡಕ್ಕೆ, ಬಲಗಾಲನ್ನು ಬಲಕ್ಕೆ ತೂರಿಸಿಕೊಂಡು ನಿಂತಿದ್ದಳು.

"ಅಪ್ಪ, ದಾರ ಕಟ್ಟು. ಬಿಗಿಯಾಗಿ."

ಅವನು ಮಂಡಿಯೂರಿ, ಕೆಂಪಾದ ಬೆರಳುಗಳಿಂದ, ಎರಡೂ ಬೂಟಿನ ದಾರ ಕಟ್ಟಿದ.